ಗಂಟೆಗೆ ಹಾಕಿದ ರುಜು

ಪ್ಲಮ್ ಹಾಲೋ ಊರಿನ ಚರ್ಚು ಹುಟ್ಟಿದಂದಿನಿಂದ ಅದರ ಮುಂದೆ ಬಂದ ಅತ್ಯಂತ ಗಹನವಾದ ಪ್ರಶ್ನೆಯೆಂದರೆ, ಉಪದೇಶ ಮಾಡುವಾಗ ಪಾದ್ರಿಯ ತಲೆಯ ಮೇಲೆ ಟೋಪಿ ಇರಬೇಕೋ ಬೇಡವೋ ಎಂಬುದು. ಸ್ವರ್ಗನರಕಗಳ ವಿಚಾರವನ್ನು ಚರ್ಚಿನ ಹಿರಿಯರು ಹಿಂದೆ ಒಂದೇ ಮಧ್ಯಾಹ್ನದಲ್ಲಿ ಇತ್ಯರ್ಥ ಮಾಡಿದ್ದರು: ನರಕವಿಲ್ಲ, ಕೊನೆಗೆ ಎಲ್ಲರಿಗೂ ಉದ್ಧಾರ. ಟೋಪಿಗೆ ಮಾತ್ರ ಮೂರು ಭಾನುವಾರ ಹಿಡಿಯಿತು.

ಚರ್ಚಿನೊಳಗೆ ಗಂಡಸು ಟೋಪಿ ತೆಗೆಯಬೇಕು, ಹೆಂಗಸು ತೆಗೆಯಬಾರದು. ಪಾದ್ರಿಯೇ ಹೆಂಗಸಾದರೆ? ಹಲ್ಡಾ ವಿನ್‌ಸ್ಲೋ ಪಾದ್ರಿಯಾಗಿ ಊರಿಗೆ ಬಂದು ಎರಡು ವರ್ಷವಾಗಿತ್ತು. ಅಂಚಿನ ನೆರಳು ಬಿದ್ದು ಪುಟದ ಅಕ್ಷರ ಕಾಣುವುದಿಲ್ಲವೆಂದು ಒಂದು ದಿನ ಟೋಪಿ ತೆಗೆದು ಪಕ್ಕಕ್ಕಿಟ್ಟರು. ಅಲ್ಲಿಂದ ಶುರುವಾಯಿತು.

ಮೂರನೆಯ ಭಾನುವಾರ, ಹಿಟ್ಟಿನ ಗಿರಣಿಯ ಯಜಮಾನನೂ ಸಭೆಯ ಅಧ್ಯಕ್ಷನೂ ಆದ ಜೋಥಮ್ ಪ್ರ್ಯಾಟ್ ಗಂಟಲು ಸರಿಮಾಡಿಕೊಂಡ.

"ಟೋಪಿ ಹಾಳಾಗೋಗ್ಲಿ ಕಣ್ರಯ್ಯ. ಗುರುವಾರ ಗುರುವಾರ ಹೊಲಿಗೆ ಅಂತ ಹೆಂಗಸರನ್ನ ಕೂಡಿಸ್ಕೊಂಡು ಈಯಮ್ಮ ಓದಿ ಹೇಳೋದೇನು? ಬೈಬಲ್ಲಾ? ಸರ್ಕಾರದ ಕಾನೂನು! ಮೊನ್ನೆ ನನ್ನ ಹೆಂಡ್ತಿ ಸೂಪು ಬಡಿಸ್ತಾ, ನಂಗ್ಯಾಕೆ ಓಟಿಲ್ಲ ಅಂತ ಕೇಳ್ತಾಳೆ."

"ನೀವೇನಂದ್ರಿ?" ಎಂದು ಯಾರೋ ಕೇಳಿದರು.

"ಏನನ್ನೋದು? ಉಪ್ಪು ಕೊಡೇ ಅಂದೆ."

ಗಂಡಸರು ನಕ್ಕರು. ಈಸ್ಟರ್ ಹಬ್ಬದೊಳಗೆ ಪಾದ್ರಿಯಮ್ಮ ಊರು ಬಿಡಬೇಕೆಂದು ಜೋಥಮ್ ಸೂಚಿಸಿದ. ತಮ್ಮದೇ ವಿಷಯವಾದ್ದರಿಂದ ಹಲ್ಡಾ ರೂಢಿಯಂತೆ ಹೊರಗೆ ಹೋಗಿ, ಮಾರ್ಚ್ ತಿಂಗಳ ಗಾಳಿಯಲ್ಲಿ ಮೆಟ್ಟಿಲ ಮೇಲೆ ಕುಳಿತರು.

ಹಿಂದಿನ ಬೆಂಚಿನಲ್ಲಿದ್ದ ಲೊವೀನಾ ಟ್ಯಾಕೆಟ್‌ಗೆ ಕಿಟಕಿಯಿಂದ ಆ ಬೆನ್ನು ಕಾಣುತ್ತಿತ್ತು. ಹೋದ ಚಳಿಗಾಲ ಅವಳ ಕೂಸು ಹುಟ್ಟಿದ ನಾಲ್ಕನೆಯ ದಿನ ತೀರಿಕೊಂಡಾಗ, ದೀಕ್ಷಾಸ್ನಾನ ಆಗದ ಮಗು ಎಂದು ಪಕ್ಕದೂರಿನ ಪಾದ್ರಿ ಬರಲಿಲ್ಲ. ಬೇರೆ ಊರಿಗೆ ಹೋಗಿದ್ದ ಹಲ್ಡಾ ಸುದ್ದಿ ತಿಳಿದು ಎಂಟು ಮೈಲಿ ಹಿಮದಲ್ಲಿ ನಡೆದು ಬಂದರು. ಲಂಗ ಮೊಣಕಾಲವರೆಗೆ ಮಂಜುಗಟ್ಟಿತ್ತು. "ನಿನ್ನ ಮಗು ಎಲ್ಲೂ ಕಳೆದುಹೋಗಿಲ್ಲಮ್ಮ," ಎಂದರು. ಆಮೇಲೆ ಹೆಸರು ಕೇಳಿದರು. ಅಲ್ಲಿಯವರೆಗೆ ಆ ಕೂಸಿನ ಹೆಸರನ್ನು ಯಾರೂ ಕೇಳಿರಲಿಲ್ಲ.

ಚರ್ಚಿನ ಪುಸ್ತಕ ಹಿಡಿದು ನಿಂತಿದ್ದ ಕಾರ್ಯದರ್ಶಿ ಲೊವೀನಾಳ ಗಂಡ ಈನಸ್. ಜೋಥಮ್‌ನ ಗಿರಣಿಯಲ್ಲಿ ಕೆಲಸ. ಮೊದಲ ಪುಟದ ಗಂಡಸರ ಹೆಸರನ್ನು ಅವನು ಒಂದೊಂದಾಗಿ ಕೂಗಿದ. ಒಬ್ಬೊಬ್ಬರೇ ಎದ್ದು "ಇರ್ಲಿ" ಎಂದೋ "ಹೋಗ್ಲಿ" ಎಂದೋ ಹೇಳಿ ಕುಳಿತರು. ತನ್ನ ಸರದಿ ಬಂದಾಗ ಈನಸ್ ಬೂಟು ನೋಡಿಕೊಂಡು "ಹೋಗ್ಲಿ" ಎಂದ. ಎಂಟು ಇರ್ಲಿ, ಹದಿನಾಲ್ಕು ಹೋಗ್ಲಿ.

"ಮುಗೀತು," ಎಂದ ಜೋಥಮ್.

"ಪುಟ ತಿರುಗಿಸ್ರಿ," ಎಂದಳು ಲೊವೀನಾ. ಎದ್ದು ನಿಂತಿದ್ದು ಅವಳಿಗೇ ಆಮೇಲೆ ಗೊತ್ತಾಯಿತು.

"ಏನಮ್ಮಾ?"

"ಎರಡನೇ ಪುಟದಾಗೆ ನಾವಿದೀವಿ. ಸದಸ್ಯರು ನಲವತ್ತು ಜನ ಇದ್ರೆ ಮಾತ್ರ ನಮ್ಮ ಪಂಥದ ಮಹಾಸಭೆಯೋರು ಚರ್ಚಿಗೆ ಗಂಟೆ ಕೊಡ್ತೀವಿ ಅಂದಿದ್ರು. ಗಂಡಸರು ಇಪ್ಪತ್ತೆರಡೇ ಇದ್ರಿ. ಆಗ ನೀವೇ ಮನೆಮನೆಗೆ ಪುಸ್ತಕ ಹೊತ್ಕೊಂಡು ಬಂದು ನಮ್ಮ ಕೈಲಿ ರುಜು ಹಾಕಿಸ್ಕೊಂಡ್ರಿ. ನಾನು ಹಿಟ್ಟಿನ ಕೈಯಲ್ಲೇ ಹಾಕ್ದೆ."

"ಅದು ಗಂಟೆಗೋಸ್ಕರ ತಾಯೀ!"

"ಗಂಟೆಗೆ ಆಗ್ಬೋದು, ಪಾದ್ರಿಗೆ ಆಗ್ಬಾರ್ದಾ?"

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಜೋಥಮ್ ಅವಳನ್ನು ಬಿಟ್ಟು ಈನಸ್ ಕಡೆ ತಿರುಗಿದ. "ಪುಸ್ತಕ ಮುಚ್ಚಯ್ಯ. ನಾಳೆ ಗಿರಣಿ ಹತ್ರ ಮಾತಾಡೋಣ."

ಲೊವೀನಾ ಗಂಡನ ಕಡೆ ನೋಡಿದಳು. ಮನೆಯಲ್ಲಿ ಈ ಗಂಡಸು ಎರಡು ಮಾತಿಗಿಂತ ಹೆಚ್ಚು ಆಡಿದವನಲ್ಲ. ಕೂಸಿನ ಗುಂಡಿಯನ್ನು ಹೆಪ್ಪುಗಟ್ಟಿದ ನೆಲದಲ್ಲಿ ಹಾರೆ ಹಿಡಿದು ಒಬ್ಬನೇ ತೋಡಿದ್ದ. ಈಗ ಪುಸ್ತಕದ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ನಿಂತ. ಆಮೇಲೆ ಬೆರಳನ್ನು ನಾಲಿಗೆಗೆ ಒತ್ತಿಕೊಂಡು ಪುಟ ತಿರುಗಿಸಿದ.

"ಲೊವೀನಾ ಟ್ಯಾಕೆಟ್," ಎಂದು ಓದಿದ. ಮನೆಯಲ್ಲಿ "ಏ" ಎಂದಷ್ಟೇ ಕರೆಯುವ ಗಂಟಲು ಅದು. ಚರ್ಚಿನ ತೊಲೆಗೆ ತಾಗುವಷ್ಟು ಜೋರಾಗಿತ್ತು.

"ಇರ್ಲಿ," ಎಂದಳು ಅವಳು.

ಈನಸ್ ಮುಂದಿನ ಹೆಸರು ಕೂಗಿದ. ಅದರ ಮುಂದಿನದನ್ನೂ ಕೂಗಿದ. ಜೋಥಮ್‌ನ ಹೆಂಡತಿ, ತನ್ನ ಹೆಸರು ಪೂರ್ತಿ ಬರುವ ಮೊದಲೇ ಎದ್ದು "ಇರ್ಲಿ" ಎಂದು, ಗಂಡ ತಿರುಗಿ ನೋಡುವುದರೊಳಗೆ ಕುಳಿತೇಬಿಟ್ಟಿದ್ದಳು. ಮುದುಕಿಯೊಬ್ಬಳು ಎದ್ದವಳು ಏನು ಹೇಳಬೇಕೆಂಬುದನ್ನು ಮರೆತು ಸುಮ್ಮನೆ ಅಳತೊಡಗಿದಳು. ಅದನ್ನೂ ಈನಸ್ "ಇರ್ಲಿ" ಎಂದೇ ಬರೆದುಕೊಂಡ, ಯಾರೂ ತಕರಾರು ಮಾಡಲಿಲ್ಲ.

ಇಪ್ಪತ್ತೊಂಬತ್ತು ಇರ್ಲಿ, ಹದಿನಾರು ಹೋಗ್ಲಿ. ಹಲ್ಡಾ ವಿನ್‌ಸ್ಲೋ ಪ್ಲಮ್ ಹಾಲೋದಲ್ಲಿ ಮತ್ತೆ ಹನ್ನೊಂದು ವರ್ಷ ಪಾದ್ರಿಯಾಗಿದ್ದರು.