ದೀಪ ನೋಡುವ ಮನೆ

ಚಟ್ಟ ಎತ್ತಲು ನಾಲ್ವರು ಬಗ್ಗಿದ್ದರು. ಅಷ್ಟರಲ್ಲಿ ಮನೆಯ ಒಡತಿ ಶಿವನಂಜಮ್ಮ ಬೀಗ ಹಿಡಿದುಕೊಂಡು ಮಹಡಿಯಿಂದ ಇಳಿದು ಬಂದಳು.

"ಎಣ ಆಚ್ಗೋದ್ ಮ್ಯಾಕೆ ಬೀಗ ಆಕ್ಬುಡ್ತೀನಿ ಕಣಮ್ಮ ಶಾಲಿನಿ. ನಿಮ್ಮವ್ವ ಓಗಿರೋದು ಧನಿಷ್ಠೆ ನಕ್ಷತ್ರದಲ್ಲಿ. ಆರು ತಿಂಗ್ಳು ಈ ಮನೇಲಿ ಯಾರೂ ಇರಂಗಿಲ್ಲ."

ಶಾಲಿನಿ ಚಟ್ಟದ ಪಕ್ಕದಿಂದ ಎದ್ದಳು. ಅವ್ವ ಹೋದ ದುಃಖದ ಮೇಲೆ ಇದು.

"ನಾವು ಬುದ್ಧನ್ನ ನಂಬೋರು, ಶಿವನಂಜಮ್ನೋರೆ. ನಕ್ಷತ್ರ ಗಿಕ್ಷತ್ರ ನಮ್ಗಿಲ್ಲ."

"ನಿಮ್ಗಿಲ್ದೆ ಓದ್ರೆ ಮನೆಗದೆ. ಮನೆ ನಂದು."

"ರಾತ್ರಿಗೆ ಮಗೀನ ಎಲ್ಲಿ ಮಲಗಿಸ್ಲಿ?"

ಶಿವನಂಜಮ್ಮ ಬೀಗವನ್ನು ಕೈಯಿಂದ ಕೈಗೆ ಬದಲಿಸಿದಳು. ಕೆಟ್ಟವಳೇನಲ್ಲ ಅವಳು. ಬೆಳಿಗ್ಗೆ ಹಾರ ತಂದು ಹಾಕಿ ಹೋ ಎಂದು ಅತ್ತವಳೇ. ಅವಳಿಗೂ ಭಯ, ಅಷ್ಟೇ. ಆದರೆ ಅವಳ ಭಯದ ಕೈಯಲ್ಲಿ ಬೀಗವಿತ್ತು.

ಬಾಗಿಲಲ್ಲೇ ಕೂತುಬಿಡೋಣ ಎನಿಸಿತು ಶಾಲಿನಿಗೆ. ಆದರೆ ಇರುವವಳು ಒಬ್ಬಳೇ ಮಗಳು. ಹೆತ್ತವ್ವನಿಗೆ ಒಂದು ಹಿಡಿ ಮಣ್ಣು ಹಾಕದೆ ಇರುವುದುಂಟೆ? ಒಳಗೆ, ಪ್ರಾಣ ಹೋದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಮಣ್ಣು ಮಾಡಿ ಬಂದವರು ಆ ದೀಪ ನೋಡಿಯೇ ತಂತಮ್ಮ ಮನೆಗೆ ಹೋಗಬೇಕು. ಶಾಲಿನಿಯವರು ನಕ್ಷತ್ರ ಬಿಟ್ಟಿದ್ದರೂ ದೀಪ ನೋಡುವುದನ್ನು ಬಿಟ್ಟಿರಲಿಲ್ಲ.

ಮಗಳು ನಾಗಶ್ರೀಯನ್ನು ಸೊಂಟಕ್ಕೇರಿಸಿಕೊಂಡು ಅವಳು ಚಟ್ಟದ ಹಿಂದೆ ನಡೆದಳು. ಬೆನ್ನ ಹಿಂದೆ ಚಿಲಕದ ಸದ್ದು ಕೇಳಿಸಿತು.

*

ಶಾಲಿನಿಯ ಅವ್ವ ಪಟ್ಟಲಮ್ಮ ಮದ್ದೂರಿನ ಬೀದಿಗಳಲ್ಲಿ ಸೊಪ್ಪು ಮಾರುತ್ತಿದ್ದಳು. ಯಾವ ಬಾಗಿಲು ವಾರವಾದರೂ ಸೊಪ್ಪಿಗೆ ತೆರೆಯಲಿಲ್ಲವೋ ಅದು ಖಾಲಿ ಮನೆ ಎಂದು ಗುರುತಿಟ್ಟುಕೊಳ್ಳುತ್ತಿದ್ದಳು. ಗೋಡೆ ಕುಸಿದವರು, ಗಂಡ ಹೊರಗೆ ದಬ್ಬಿದವರು, "ಯಾವ್ ಜನ?" ಎಂದು ಕೇಳಿಸಿಕೊಂಡು ಹತ್ತು ಮನೆಯಿಂದ ವಾಪಸಾದವರು, ಎಲ್ಲರೂ ಮನೆ ಬೇಕೆಂದು ಅವಳ ಬುಟ್ಟಿಯ ಹಿಂದೆ. ಅಡ್ವಾನ್ಸಿಗೆ ಸಾಲದಿದ್ದರೆ ಸಂಘದ ಹೆಂಗಸರನ್ನು ಕಾಡಿ ಬೇಡಿ ಹೊಂದಿಸುವಳು.

ಹಾಗೆ ಬಂದವರಲ್ಲಿ ಒಬ್ಬಳು ಅರುಂಧತಿ; ಅವಳು ಬೀದಿಗೆ ಬಿದ್ದ ದಿನ ಶಾಲಿನಿಯೂ ಜೊತೆಗಿದ್ದಳು. ಖಾಲಿ ಮನೆಯ ಮಾಲೀಕ ಶಿವರಾಜು ತಲೆ ಕೆರೆಯುತ್ತ, "ಒಂಟಿ ಎಂಗ್ಸು... ಯೋಚ್ನೆ ಮಾಡಿ ಏಳ್ತೀನಿ" ಎನ್ನುತ್ತಿದ್ದ. ಪಟ್ಟಲಮ್ಮ ಮಾತಾಡುತ್ತಲೇ ಒಳಗೆ ನುಗ್ಗಿ, ಮೂರು ಇಟ್ಟಿಗೆ ಜೋಡಿಸಿ, ಬುಟ್ಟಿಯಿಂದ ಪುಟ್ಟ ಪಾತ್ರೆ ತೆಗೆದು ಹಾಲಿಟ್ಟೇಬಿಟ್ಟಳು. ಹಾಲು ಉಕ್ಕಿತು.

"ಆಲುಕ್ಕಿದ್ ಮನೆಯಿಂದ ಎಂಗಪ್ಪಾ ಆಚ್ಗೆ ಕಳುಸ್ತೀಯ?"

ಶಿವರಾಜು ನಿಟ್ಟುಸಿರುಬಿಟ್ಟು ಬೀಗದ ಕೈ ಕೊಟ್ಟ.

"ಯಾರಾದ್ರೂ ನಿಂಗೆ ಒಡೆದ್ರೆ ಏನ್ ಮಾಡ್ತೀಯವ್ವಾ? ಎದ್ರಿಕೆ ಆಗಲ್ವಾ?" ಎಂದು ಶಾಲಿನಿ ದಾರಿಯಲ್ಲಿ ಬೈದಿದ್ದಳು.

"ಆಗ್ದೆ ಏನು? ಕೈ ಗಡಗಡ ಅಂತದೆ. ಅದ್ಕೇ ಕಣೇ ಸಣ್ ಪಾತ್ರೆ. ಬ್ಯಾಗ ಉಕ್ತದೆ."

*

ಮಣ್ಣು ಮಾಡಿ ಬಂದಾಗ ಬಾಗಿಲಿಗೆ ಬೀಗ ನೇತಾಡುತ್ತಿತ್ತು. ಬಂದವರೆಲ್ಲ ಬೀದಿಯಲ್ಲಿ ನಿಂತರು. ದೀಪ ನೋಡದೆ ಹೋಗುವಂತಿಲ್ಲ, ನೋಡಲು ದೀಪವಿಲ್ಲ.

"ಬೀಗ ಆಕೋ ಮುಂಚೇನೆ ದೀಪಾನೂ ನಿಮ್ಮವ್ವನ ಬುಟ್ಟೀನೂ ಅರುಂಧತಿ ತಕೊಂಡೋದ್ಲು ಕಣಮ್ಮ" ಎಂದಳು ಶಿವನಂಜಮ್ಮ ಮಹಡಿಯಿಂದ. ಅವಳ ದನಿ ಅಳುಕುತ್ತಿತ್ತು.

ಹಿಂದಿನ ಬೀದಿಯಲ್ಲೇ ಅರುಂಧತಿಯ ಮನೆ. ಒಂದೇ ಕೋಣೆ. ಮೂಲೆಯಲ್ಲಿ ಸೆರಗು ಮರೆಮಾಡಿ ದೀಪ ಕಾಯುತ್ತ ಕೂತಿದ್ದಳು ಅವಳು. ಒಬ್ಬೊಬ್ಬರೇ ಬಗ್ಗಿ ನೋಡಿ, ಕಣ್ಣೊರೆಸಿಕೊಂಡು ಹೊರಟರು.

"ಇಲ್ಲೇ ಇರು ಶಾಲಿನಿ. ಮಗೀನೂ ಇರ್ಲಿ" ಎಂದಳು ಅರುಂಧತಿ. ಅಷ್ಟರಲ್ಲಿ ಗೇಟಿನಲ್ಲಿ ಶಿವರಾಜುವಿನ ಬೈಕು ನಿಂತಿತು.

"ಅರುಂಧತೀ! ಸಾವಿನ್ ದೀಪಾನ ನನ್ನ ಮನೆಗ್ ತಂದ್ಯಂತೆ?"

ಅರುಂಧತಿಯ ಮುಖ ಬಿಳಿಚಿಕೊಂಡಿತು. ಅಯ್ಯೋ, ತನ್ನ ದೆಸೆಯಿಂದ ಇವಳೂ ಬೀದಿಪಾಲಾದರೆ, ಎಂದುಕೊಂಡಳು ಶಾಲಿನಿ. ನಾಗಶ್ರೀ ಅವಳ ಸೀರೆ ಹಿಡಿದು, "ಅಮ್ಮಾ, ಇಲ್ಲಿಂದ್ಲೂ ಓಗ್ಬೇಕಾ?" ಎಂದಳು.

ಶಾಲಿನಿ ಅವ್ವನ ಬುಟ್ಟಿಗೆ ಕೈ ಹಾಕಿದಳು. ಪುಟ್ಟ ಪಾತ್ರೆ ಕೈಗೆ ಸಿಕ್ಕಿತು. ಮಗುವಿಗೆಂದು ಅರುಂಧತಿ ತಂದಿಟ್ಟಿದ್ದ ಹಾಲನ್ನು ಅದಕ್ಕೆ ಸುರಿದು ಒಲೆ ಹೊತ್ತಿಸಿದಳು.

"ಸಾವಿನ್ ದಿನ ಆಲುಕ್ಕುಸ್ತಾರೇನೇ?" ಅರುಂಧತಿ ಪಿಸುಗುಟ್ಟಿದಳು.

ಶಾಲಿನಿ ಒಲೆಯ ಉರಿ ಹೆಚ್ಚಿಸಿದಳು. ಕೈ ಗಡಗಡ ನಡುಗುತ್ತಿತ್ತು. ಶಿವರಾಜುವಿನ ಚಪ್ಪಲಿಯ ಸದ್ದು ಮೆಟ್ಟಿಲು ಹತ್ತುತ್ತ ಬಂತು. ಹಾಲಿನ ಅಂಚಿನಲ್ಲಿ ನೊರೆ ಕಟ್ಟಿತು. ಉಕ್ಕವ್ವಾ, ಬೇಗ ಉಕ್ಕು.

ಬಾಗಿಲಿಗೆ ನೆರಳು ಬಿತ್ತು. ಹಾಲು ಎದ್ದು, ಪಾತ್ರೆಯ ಕಂಠ ದಾಟಿ, ಒಲೆಯ ಮೇಲೆ ಚುರ್ರೆಂದು ಹರಿಯಿತು.

ಶಿವರಾಜು ದೀಪ ನೋಡಿದ, ಹಾಲು ನೋಡಿದ, ಪಟ್ಟಲಮ್ಮನ ಅದೇ ಪುಟ್ಟ ಪಾತ್ರೆಯನ್ನು ನೋಡಿ ಹಾಗೇ ನಿಂತ. ಆಮೇಲೆ ಹೊಸಿಲಾಚೆಯೇ ಬಗ್ಗಿ, ಒಂದೊಂದಾಗಿ ಚಪ್ಪಲಿ ಬಿಟ್ಟ.