ಲೋಕೇಶನ ಹೆಸರಿನ ಷರಾ

ಆ ಕೋಣೆಗೆ ಕಿಟಕಿ ಇರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡದೊಳಗೆ, ಕಾರ್ಡು ತೋರಿಸಿದರೆ ಮಾತ್ರ ತೆರೆಯುವ ಬಾಗಿಲ ಹಿಂದೆ, ಎಸಿಯ ಚಳಿಗೆ ಶಾಲು ಹೊದ್ದು ಪ್ರಿಯಾಂಕಾ ಕೂರುತ್ತಿದ್ದಳು. ಹೊರಗೆ ಬಿಸಿಲೋ ಮೋಡವೋ, ಒಳಗಿದ್ದವರಿಗೆ ತಿಳಿಯುತ್ತಿರಲಿಲ್ಲ.

ವಿದೇಶದ ಒಂದು ಬ್ಯಾಂಕಿನ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಕಾಯುವುದು ಅವರ ಕೆಲಸ. ಯಂತ್ರಕ್ಕೆ ಅನುಮಾನ ಬಂದಾಗಲೆಲ್ಲ ಪರದೆಯ ಮೇಲೆ ಒಂದು ಅಲರ್ಟ್ ಬೀಳುತ್ತಿತ್ತು. ಬಹುಪಾಲು ಹುಸಿ.

"ಅಕ್ಕೀಲಿ ಕಲ್ಲು ಆರಿಸ್ದಂಗೆ ಕಣಮ್ಮ" ಎಂದು ಅವಳು ತಾಯಿ ಪಿಳ್ಳಮ್ಮನಿಗೆ ಹೇಳಿದ್ದಳು.

"ಅದುಕ್ಯಾಕವ್ವ ಎಸಿ? ನಾನು ಜಗಲಿ ಮೇಲೇ ಆರಿಸ್ತೀನಲ್ಲ" ಎಂದು ಪಿಳ್ಳಮ್ಮ ನಕ್ಕಿದ್ದಳು.

ಪ್ರತಿ ಅಲರ್ಟನ್ನೂ ಮನುಷ್ಯನೇ ಕಣ್ಣಿಂದ ನೋಡಿ, ತನ್ನ ಹೆಸರಿನಲ್ಲಿ ಷರಾ ಬರೆದು ಮುಚ್ಚಬೇಕು. ಬ್ಯಾಂಕಿನ ಕರಾರೇ ಹಾಗಿತ್ತು. ಆದರೆ ಮ್ಯಾನೇಜರ್ ರಾಜೇಂದ್ರ ಅರ್ಧ ಜನರನ್ನು ಮನೆಗೆ ಕಳಿಸಿದ. ಉಳಿದವರ ಕೈಗೆ ಮೀರಿದ ಕೆಲಸಕ್ಕೆ ಪ್ರಿಯಾಂಕಾಳಿಂದ ಆಟೊಮೇಷನ್ ಪ್ರೋಗ್ರಾಂ ಬರೆಸಿದ. ಹುಸಿಯೆಂದು ತೋರಿದ್ದನ್ನು ಯಂತ್ರವೇ ಮುಚ್ಚುತ್ತಿತ್ತು. ಷರಾವನ್ನೂ ಅದೇ ಬರೆಯುತ್ತಿತ್ತು, ಶಿಫ್ಟಿನಲ್ಲಿದ್ದವರ ಹೆಸರಿನಲ್ಲಿ.

"ನೋಡ್ದೇ ಇದ್ದೋರ ಹೆಸರು ಹಾಕೋದು ತಪ್ಪಲ್ವಾ ಸಾರ್?" ಎಂದು ಅವಳು ಆಗಲೇ ಕೇಳಿದ್ದಳು.

"ನಿನ್ ಮಾರ್ಕ್ಸ್ ಕಾರ್ಡ್ ಎಲ್ಲಿದೆ ಅಂತ ನೆನಪಿದೆ ತಾನೆ?" ಎಂದಿದ್ದ ರಾಜೇಂದ್ರ.

ನೆನಪಿತ್ತು. ಅವಳನ್ನು ಕೆಲಸಕ್ಕೆ ಕಳಿಸಿದ ಏಜೆನ್ಸಿಯವರು ಅಸಲಿ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಬೊಮ್ಮನಹಳ್ಳಿಯ ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬಾಂಡ್ ಮುಗಿಯುವವರೆಗೆ ಬಿಟ್ಟು ಹೋಗುವಂತಿಲ್ಲ. ಅವಳು ಬರೆದುಕೊಟ್ಟಳು.

ಆ ಬೇಸಿಗೆಯಲ್ಲಿ ಕಳ್ಳರು ನಿಜಕ್ಕೂ ನುಗ್ಗಿದರು. ಅಲರ್ಟ್ ಬಂದಿತ್ತು. ಯಂತ್ರ ಅದನ್ನು ಹುಸಿಯೆಂದು ಮುಚ್ಚಿತ್ತು. ಷರಾದ ಕೆಳಗೆ ಲೋಕೇಶನ ಹೆಸರಿತ್ತು. ಪಕ್ಕದ ಕುರ್ಚಿಯ ಲೋಕೇಶನ ಪರದೆಗೆ ಅದು ಬಂದೇ ಇರಲಿಲ್ಲ.

ರಾಜೇಂದ್ರ ಪ್ರಿಯಾಂಕಾಳನ್ನು ಒಳಗೆ ಕರೆದ.

"ನಾಳೆ ಮಧ್ಯಾಹ್ನ ಬ್ಯಾಂಕಿನೋರು ವಿಡಿಯೋದಲ್ಲಿ ಬರ್ತಾರೆ. ಲೋಕೇಶೇ ನೋಡಿ ಮುಚ್ಚಿದ್ದು ಅಂತ ಹೇಳ್ಬಿಡು. ಆಟೊಮೇಷನ್ ಮಾತೇ ಎತ್ಬೇಡ."

"ಅವ್ನು ನೋಡೇ ಇಲ್ಲ ಸಾರ್."

"ಹೆಸರು ಯಾರ್ದಿದೆ?"

"ಕಳ್ಳರಿಗೆ ಬಾಗ್ಲು ತೆಗ್ದೋನು ಅನ್ನಿಸ್ಕೊಂಡ್ರೆ ಅವ್ನಿಗೆ ಇನ್ಯಾರು ಕೆಲ್ಸ ಕೊಡ್ತಾರೆ ಸಾರ್?"

"ಅದು ನಿನ್ ತಲೆನೋವಲ್ಲ. ಹೋಗು."

ಕ್ಯಾಂಟೀನಿನಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಲೋಕೇಶ ತುತ್ತನ್ನು ತಟ್ಟೆಯಲ್ಲೇ ಬಿಟ್ಟ.

"ಏನ್ ಗುರು ಇದು, ನಂಗೇ ಗೊತ್ತಿಲ್ದಂಗೆ ನಾನೇ ತಪ್ಪು ಮಾಡ್ಬಿಟ್ನಾ?" ನಗಲು ಹೋದ, ಆಗಲಿಲ್ಲ. "ಅದನ್ನ ಬರ್ದೋಳು ನೀನೇ ಅಲ್ವೇನೇ?"

"ಹೂಂ. ನಾನೇ."

ಎದುರು ಕೂತಿದ್ದ ಶಾಂತಿ, ಅದೇ ಕೋಣೆಯವಳು, ಲೋಟ ಕುಕ್ಕಿದಳು. "ಅವಳನ್ನ ಬೈದು ಏನ್ ಬಂತೋ? ನನ್ ಹೆಸ್ರಲ್ಲೂ ಬರೀತಾ ಐತೆ ಅದು. ಇವತ್ತು ನೀನು, ನಾಳೆ ನಾನು."

"ಮಾರ್ಕ್ಸ್ ಕಾರ್ಡು?" ಎಂದಳು ಪ್ರಿಯಾಂಕಾ.

"ಎಲ್ಲಾರ್ದೂ ಅದೇ ಬೀರುನಾಗೇ ಐತೆ. ಅದಕ್ಕೇ ಅಲ್ವಾ ಇಂಗೆ ಆಡ್ಸೋದು?"

ಮರುದಿನ ಬೆಳಿಗ್ಗೆ ಬಂದವಳೇ ಪ್ರಿಯಾಂಕಾ ಆಟೊಮೇಷನ್ ನಿಲ್ಲಿಸಿದಳು. ಅಲರ್ಟುಗಳು ಒಂದರ ಮೇಲೊಂದು ಬೀಳತೊಡಗಿದವು. ಕೋಣೆಯವರು ಒಂದನ್ನು ತೆರೆದು, ಪೂರ್ತಿ ಓದಿ, ಷರಾ ಬರೆದು, ಆಮೇಲೆ ಇನ್ನೊಂದಕ್ಕೆ ಕೈ ಹಾಕಿದರು. ಕರಾರಿನಲ್ಲಿ ಇದ್ದ ಹಾಗೆಯೇ. ಯಾರೂ ಅವಸರ ಮಾಡಲಿಲ್ಲ.

ಮಧ್ಯಾಹ್ನ ಬ್ಯಾಂಕಿನವರು ಗೋಡೆಯ ಪರದೆಯ ಮೇಲೆ ಬಂದಾಗ ಆ ರಾಶಿ ಅವರಿಗೂ ಕಾಣುತ್ತಿತ್ತು. ಇಷ್ಟೊಂದು ಯಾಕೆ ಉಳಿದಿದೆ ಎಂದು ಒಬ್ಬ ಹೆಂಗಸು ಕೇಳಿದಳು. ರಾಜೇಂದ್ರ ತಡವರಿಸಿದ. ಪ್ರಿಯಾಂಕಾ ಎದ್ದು ನಿಂತು, ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು: ಕಳ್ಳರು ನುಗ್ಗಿದಾಗ ಬಂದ ಆ ಅಲರ್ಟನ್ನು ಲೋಕೇಶ್ ನೋಡಿಲ್ಲ. ಯಾವ ಮನುಷ್ಯನೂ ನೋಡಿಲ್ಲ. ಕಣ್ಣಿಂದ ನೋಡಿದರೆ ನಮ್ಮ ಕೈಲಾಗುವುದು ಇಷ್ಟೇ.

ರಾಜೇಂದ್ರ ಮೈಕಿನ ಗುಂಡಿ ಅದುಮಿ, ಬ್ಯಾಂಕಿನವರಿಗೆ ಧ್ವನಿ ಕೇಳದಂತೆ ಮಾಡಿದ. ಅವನ ಕುತ್ತಿಗೆ ಬೆವರಿತ್ತು.

"ನಿನ್ ಬದುಕು ಹಾಳು ಮಾಡ್ತೀನಿ. ಮೊದ್ಲು ಅದನ್ನ ಚಾಲೂ ಮಾಡು!"

"ಮಾಡ್ತೀನಿ ಸಾರ್" ಎಂದು ಅವಳು ಕೂತಳು. ಶಾಂತಿ ಬಂದು ಅವಳ ಕುರ್ಚಿಯ ಹಿಂದೆ ನಿಂತಳು. ಲೋಕೇಶನೂ ಎದ್ದು ಬಂದ.

"ಮತ್ತೆ ಚಾಲೂ ಆಗೋಕೆ ಷರಾಕ್ಕೆ ಒಂದು ಹೆಸರು ಕೇಳ್ತಾ ಇದೆ ಸಾರ್. ನಿಮ್ದು ಹಾಕ್ಲಾ?" ಎಂದಳು ಪ್ರಿಯಾಂಕಾ.

ರಾಜೇಂದ್ರನ ಬೆರಳು ಮೈಕಿನ ಗುಂಡಿಯ ಮೇಲೇ ಇತ್ತು. ಗೋಡೆಯ ಮೇಲಿನವರು ಏನೋ ಕೇಳುತ್ತಲೇ ಇದ್ದರು.