ಒಳಗಿನ ಕುರ್ಚಿ

ನೈರೋಬಿಯ ನಮ್ಮ ಆರ್ಕೆಸ್ಟ್ರಾದಲ್ಲಿ ಹದಿಮೂರು ವರ್ಷ ವಯೋಲಾ ಸಾಲಿನ ಮೊದಲ ಕುರ್ಚಿ ನನ್ನದಾಗಿತ್ತು. ಈ ಜನವರಿಯಲ್ಲಿ ಪರದೆ ಕಟ್ಟಿ, ನುಡಿಸುವವರ ಮುಖ ಕಾಣದಂತೆ ಪರೀಕ್ಷೆ ನಡೆಸಿದರು. ಕುರ್ಚಿ ನನ್ನ ಶಿಷ್ಯೆ ಪ್ರಾರ್ಥನಾಳ ಪಾಲಾಯಿತು. ಅವಳ ಕೈಯಿಂದ ಪಿಟೀಲು ಬಿಡಿಸಿ, ಅದಕ್ಕಿಂತ ದೊಡ್ಡದಾದ, ದನಿ ತಗ್ಗಿದ ಈ ವಾದ್ಯ ಹಿಡಿಸಿದವಳು ನಾನೇ. ಸೌತ್ ಸಿ ಬಡಾವಣೆಯ ನಮ್ಮ ಮನೆಯಲ್ಲಿ, ಜ್ವರ ಬಂದ ನನ್ನ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪಾಠ ಹೇಳಿದ್ದೆ.

ಈಗ ನಾನು ಅವಳ ಪಕ್ಕದ ಒಳಗಿನ ಕುರ್ಚಿಯಲ್ಲಿ. ಇಬ್ಬರಿಗೂ ಒಂದೇ ಸ್ಟ್ಯಾಂಡು, ಒಂದೇ ಪುಸ್ತಕ. ಒಳಗೆ ಕೂತವರು ನುಡಿಸುವುದನ್ನು ನಿಲ್ಲಿಸಿ ಹಾಳೆ ತಿರುಗಿಸಬೇಕು. ಹೊರಗೆ ಕೂತವರು ನುಡಿಸುತ್ತಲೇ ಇರಬೇಕು. ನಮ್ಮ ಕಸುಬಿನ ಕಟ್ಟಳೆ ಅದು.

"ಸುಮತಿ ಆಂಟಿ, ನಿಮಗೆ ಓಕೆ ತಾನೆ?" ಎಂದಳು ಮೊದಲ ದಿನ.

"ಹಾಳೆ ತಿರುಗಿಸೋಕೂ ಪರದೆ ಕಟ್ಟಿ ಟೆಸ್ಟ್ ಮಾಡ್ತಾರೇನಮ್ಮ?"

"ಹಂಗಲ್ಲ ಆಂಟಿ..."

"ಕಮಾನು ಎತ್ತು. ಎಲ್ಲಾ ನಿನ್ನನ್ನೇ ನೋಡ್ತಿದಾರೆ."

ಶನಿವಾರದ ರಿಹರ್ಸಲ್. ಏಳನೇ ಪುಟ ಮುಗಿದೊಡನೆ ಮೊದಲ ಕುರ್ಚಿಯವರು ಒಬ್ಬರೇ ನುಡಿಸುವ ಸೋಲೋ. ಇಷ್ಟು ವರ್ಷ ಅದನ್ನು ನುಡಿಸಿದವಳು ನಾನು, ಅವಳಿಗೆ ಹೊಸದು. ಪುಟ ತುದಿಗೆ ಬಂತು. ನಾನು ಕೈ ಎತ್ತಲಿಲ್ಲ. ಅವಳ ಕಮಾನು ತಡವರಿಸಿ ನಿಂತೇಬಿಟ್ಟಿತು.

ಕಂಡಕ್ಟರ್ ಒಡುವೋರ್ ಕೋಲು ಕೆಳಗಿಳಿಸಿದರು. "ಅಲ್ಲೇನಾಯಿತು?"

"ಸಾರಿ, ನನ್ನದೇ ತಪ್ಪು. ಎಣಿಕೆ ತಪ್ಪಿದೆ," ಎಂದಳು ಪ್ರಾರ್ಥನಾ.

ಮೈಯೆಲ್ಲ ಉರಿಯಿತು. ಕುರ್ಚಿ ಅವಳದು, ಸೋಲೋ ಅವಳದು. ದೊಡ್ಡ ಗುಣವೂ ಅವಳದೇ ಆಗಬೇಕೆ? ಅದನ್ನು ಮಾತ್ರ ಬಿಟ್ಟುಕೊಡಲಾರೆ.

"ಅವಳ ತಪ್ಪಲ್ಲ," ಎಂದು ಎದ್ದು ನಿಂತೆ. "ನಾನು ಬೇಕೆಂದೇ ಹಾಳೆ ತಿರುಗಿಸಲಿಲ್ಲ."

ಒಡುವೋರ್ ಕನ್ನಡಕದ ಮೇಲಿಂದ ನೋಡಿದರು. "ಈಗ ತಿರುಗಿಸುತ್ತೀರಾ?"

"ಸವಾ, ಆಗಲಿ," ಎಂದು ಕುಳಿತೆ.

"ವೈ, ಆಂಟಿ?" ಪ್ರಾರ್ಥನಾ ಪಿಸುಗುಟ್ಟಿದಳು. "ಐ ವಾಸ್ ಕವರಿಂಗ್ ಫಾರ್ ಯು."

"ಅದಕ್ಕೇ ಹೇಳಿದ್ದು."

ಮತ್ತೆ ಮೊದಲಿಂದ. ಈ ಸಲ ಸರಿಯಾದ ಹೊತ್ತಿಗೆ ತಿರುಗಿಸಿದೆ. ವಯೋಲಾ ಮಡಿಲಲ್ಲಿಟ್ಟುಕೊಂಡು, ಒಂದು ಸ್ವರವಾದರೂ ಜಾರಲಿ ಎಂದು ಕಾದೆ. ಜಾರಲಿಲ್ಲ. ನಾನು ಯಾವಾಗಲೂ ಅವಸರದಲ್ಲಿ ದಾಟಿಬಿಡುತ್ತಿದ್ದ ಒಂದು ಜಾಗದಲ್ಲಿ ಅವಳು ನಿಧಾನಿಸಿದಳು. ಅಲ್ಲಿ ಅಷ್ಟೊಂದು ಸಂಗೀತ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಹೊಟ್ಟೆಯೊಳಗಿನ ಕೆಂಡ ಆರಲಿಲ್ಲ. ಉಳಿದವರು ಸೇರುವ ಹೊತ್ತಾಯಿತು. ಕಮಾನೆತ್ತಿ, ಅವಳು ನಿಧಾನಿಸಿದಷ್ಟೇ ನಿಧಾನಿಸಿ ನುಡಿಸಿದೆ.